ನಿಮ್ಮ ಕೋಣೆ ಬ್ರೇಕ್ ಹಾಕುವುದಿಲ್ಲ

ಸಾರಿಗೆ ಸಂಸ್ಥೆಯ ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಎಡಗೈ ಮೇಲೇಳುತ್ತದೆ ಎಂಬ ಒಂದೇ ಕಾರಣಕ್ಕೆ ನೀವು ನನ್ನನ್ನು ಮತ್ತೆ ಬಸ್ ಹತ್ತಿಸಿದಿರಿ. ಅದರ ಫಲವಾಗಿ ಈಗ ನನ್ನ ಡ್ರೈವರ್‌ಗೆ ನೋಟಿಸ್ ಬಂದಿದೆ. ಭುಜ ನನ್ನದು, ಅಪ್ಪಣೆ ನಿಮ್ಮದು, ನೋಟಿಸ್ ಮಾತ್ರ ಅವರಿಗೆ. ಇದು ಯಾವ ನ್ಯಾಯ ಎಂದು ಕಚೇರಿಯಲ್ಲಿ ಕೇಳಿ ಕೇಳಿ ದಣಿದಿದ್ದೇನೆ. ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಕಂಡಕ್ಟರ್. ಎಡಗೈಯಲ್ಲಿ ತಲೆಯ ಮೇಲಿನ ಕಂಬಿ, ಬಲಗೈಯಲ್ಲಿ ಟಿಕೆಟ್ ಮಷೀನು, ನನ್ನ ಉದ್ಯೋಗವೆಂದರೆ ಇಷ್ಟೇ. ಕಳೆದ ವರ್ಷ ಅಡ್ಡ ಬಂದ ಸೈಕಲ್ಲೊಂದನ್ನು ಉಳಿಸಲು ಬಸ್ಸು ಗಕ್ಕನೆ ನಿಂತಾಗ ಮೈ ಮುಂದೆ ಹೋಯಿತು, ಕೈ ಕಂಬಿಯಲ್ಲೇ ಉಳಿಯಿತು, ಭುಜದ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ಕೀಲನ್ನು ಮತ್ತೆ ಕೂರಿಸಿ ಕಳಿಸಿದರು. ಆಮೇಲೆ ತಪ್ಪುವುದೇ ಅದಕ್ಕೆ ಚಾಳಿಯಾಯಿತು. ಹೊದಿಕೆ ಎಳೆದುಕೊಂಡರೆ ತಪ್ಪಿತು, ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಹೋದರೆ ತಪ್ಪಿತು. ಕೊನೆಗೆ ಆಪರೇಷನ್ ಮಾಡಿದ ಡಾಕ್ಟರು ಮೇಜಿನ ಮೇಲಿದ್ದ ಟೀ ತಟ್ಟೆ ತೋರಿಸಿ ವಿವರಿಸಿದರು. ತೋಳಿನ ಮೂಳೆಯ ಗುಂಡು ತಲೆ ಕೂರುವ ಜಾಗ ಹೀಗೆ ಚಪ್ಪಟೆಯಂತೆ, ಜಾರದಂತೆ ತಡೆಯುವುದು ಸುತ್ತಲಿನ ಮೆತ್ತನೆಯ ಅಂಚಂತೆ. ನನ್ನ ಆ ಅಂಚು ಮುಂದುಗಡೆ ಹರಿದಿತ್ತು. ಸಣ್ಣ ತೂತುಗಳ ಮೂಲಕ ಉಪಕರಣ ತೂರಿಸಿ ಅದನ್ನು ಮತ್ತೆ ಮೂಳೆಗೆ ಹೊಲಿದರು.

ಆಮೇಲಿನ ದಿನಗಳನ್ನು ಏನು ಹೇಳಲಿ? ಕೈಯನ್ನು ಕುತ್ತಿಗೆಗೆ ತೂಗುಹಾಕಿದ್ದರು. ತಲೆ ಬಾಚುತ್ತಿದ್ದವರು ನಮ್ಮ ಯಜಮಾನರು. ವೃತ್ತಿಯಲ್ಲಿ ದರ್ಜಿಯಾದರೂ ಬೈತಲೆ ನೇರವಾಗಿ ತೆಗೆಯಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ, ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸಲು ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಕಣ್ಣಲ್ಲಿ ನೀರು ಬರುತ್ತಿತ್ತು. ಬೆರಳು ಸ್ವಿಚ್ ಬೋರ್ಡ್ ಮುಟ್ಟಿದ ದಿನ ಮಕ್ಕಳನ್ನು ಕರೆದು ತೋರಿಸಿದೆ. ಕ್ಯಾಲೆಂಡರಿನ ಮೊಳೆ ಮುಟ್ಟಿದ ದಿನ ನಮ್ಮ ಅತ್ತೆಯವರೂ ಒಲೆ ಆರಿಸಿ ಬಂದು ನೋಡಿದರು.

ಆ ಹುಮ್ಮಸ್ಸಿನಲ್ಲೇ ನಿಮ್ಮ ಕೋಣೆಗೆ ಬಂದೆ ಸ್ವಾಮಿ. ಕೈ ಎತ್ತಿ ಎಂದಿರಿ. ಉತ್ತರ ಗೊತ್ತಿರುವ ಮಗುವಿನ ಹಾಗೆ ಪೂರ್ತಿ ಎತ್ತಿಬಿಟ್ಟೆ. ಗಾಯ ತೋರಿಸಿ ಎಂದಿರಿ, ಸೊಳ್ಳೆ ಕಚ್ಚಿದಂಥ ಗುರುತುಗಳನ್ನು ನೋಡಿ "ಇಷ್ಟೇನಾ?" ಎಂದಿರಿ. ಕೈ ಎತ್ತುವುದೇ ಬೇರೆ, ಎತ್ತಿದ ಕೈ ಮೈಭಾರವನ್ನು ತಡೆಯುವುದೇ ಬೇರೆ, ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕು, ಅಲ್ಲಿಯವರೆಗೆ ಟಿಕೆಟ್ ಕೌಂಟರಿನಲ್ಲಿ ಕೂರಿಸಿ ಎಂದು ಡಾಕ್ಟರು ಬರೆದುಕೊಟ್ಟದ್ದನ್ನು ಮಡಚಿ ನನಗೇ ವಾಪಸ್ ಕೊಟ್ಟಿರಿ. ನಿಮ್ಮ ಕೋಣೆ ಬ್ರೇಕ್ ಹಾಕುವುದಿಲ್ಲವಲ್ಲ, ನಿಮಗಾದರೂ ಹೇಗೆ ತಿಳಿಯಬೇಕು? ಹೊಲಿಗೆ ಮೊಳದುದ್ದ ಇದ್ದಿದ್ದರೆ ನಂಬುತ್ತಿದ್ದಿರೇನೋ.

ನನ್ನ ಡ್ರೈವರನ್ನು ಡಿಪೋದಲ್ಲಿ ಎಲ್ಲರೂ ದೊಡ್ಡಣ್ಣ ಎನ್ನುತ್ತಾರೆ. ನಾನು ಕೆಲಸಕ್ಕೆ ಮರಳಿದಂದಿನಿಂದ ಅವರು ಬಸ್ಸನ್ನು ತುಂಬಿದ ಕೊಡ ಹೊತ್ತವರ ಹಾಗೆ ನಡೆಸುತ್ತಿದ್ದಾರೆ. ಸ್ಟಾಪು ಇನ್ನೂ ದೂರವಿರುವಾಗಲೇ ವೇಗ ಇಳಿಸುತ್ತಾರೆ. ಹಿಂದಿನ ಬಸ್ಸುಗಳು ದಾಟಿ ಹೋಗುತ್ತವೆ, ನಡೆದೇ ಹೋಗಬಹುದಿತ್ತು ಎಂದು ಪ್ರಯಾಣಿಕರು ಗೊಣಗುತ್ತಾರೆ. ದಿನವೂ ತಡ, ಅದಕ್ಕೆ ನೋಟಿಸ್. ಉತ್ತರದಲ್ಲಿ ನನ್ನ ವಿಷಯ ಬರೆಯಿರಿ ಎಂದೆ. ಬರೆದರೆ ನಿನ್ನನ್ನೇ ಮನೆಗೆ ಕಳಿಸುತ್ತಾರೆ ಎಂದು ಅವರು ಒಪ್ಪಲಿಲ್ಲ. ಹಾಗಾದರೆ ಮೊದಲಿನಂತೆಯೇ ಓಡಿಸಿ ಎಂದೆ.

"ಬ್ರೇಕ್ ಮೇಲೆ ಕಾಲಿಟ್ರೆ ನಿನ್ನ ಭುಜದ ಮೇಲೇ ಇಟ್ಟ ಹಾಗಾಗುತ್ತಮ್ಮ. ನನ್ನ ಕೈಲಾಗಲ್ಲ," ಎಂದರು.

ಆದ್ದರಿಂದ ಅವರು ಬರೆಯದ್ದನ್ನು ನಾನೇ ಬರೆದಿದ್ದೇನೆ. ಭುಜ ಗಟ್ಟಿಯಾಗುವವರೆಗೆ ನನ್ನನ್ನು ಕೌಂಟರಿಗೆ ಹಾಕಿ, ಅವರ ನೋಟಿಸ್ ಹಿಂಪಡೆಯಿರಿ. ಎರಡರಲ್ಲಿ ಒಂದೇ ಆಗುವುದಾದರೆ ನೋಟಿಸ್ ಹಿಂಪಡೆಯಿರಿ. ಇದಕ್ಕಾಗಿ ನನ್ನನ್ನು ಮನೆಗೆ ಕಳಿಸಬಹುದು, ಗೊತ್ತು, ಭಯವೂ ಇದೆ. ಕಳಿಸುವ ಮುನ್ನ ಒಮ್ಮೆ ನಮ್ಮ ಬಸ್ ಹತ್ತಿ, ಕಂಬಿ ಹಿಡಿದು ನಿಂತು ನೋಡಿ. ಹೆದರಬೇಡಿ, ದೊಡ್ಡಣ್ಣ ನಿಮಗೂ ಮೆಲ್ಲಗೇ ಬ್ರೇಕ್ ಹಾಕುತ್ತಾರೆ.

ಇಂತಿ,
ಕೇಳಿದ ಕೂಡಲೇ ಕೈ ಎತ್ತಿ ಕೆಟ್ಟ
ನಿಮ್ಮ ಕಂಡಕ್ಟರ್