ಮೇನ್ ಸ್ವಿಚ್ ಮುಟ್ಟಬ್ಯಾಡ್ರಿ ಕಾಕಿ

ಭಾಲ್ಕಿ, ಸಂಜೆ ನಾಲ್ಕೂವರೆ

ಪೂಜ್ಯ ಕಾಂತಾಬಾಯಿ ಕಾಕಿಯವರ ಪಾದಗಳಿಗೂ, ಅದಕ್ಕಿಂತ ಮೊದಲು ಅವರ ಬಲಗೈಗೂ, ವೈಜಿನಾಥನ ನಮಸ್ಕಾರ.

ಆರಕ್ಕೆ ದೀಪ ಹಚ್ಚಿ, "ಸುಮ್ಮ ಕರೆಂಟ್ ಯಾಕ ಸುಡ್ತೀರಿ" ಎನ್ನುತ್ತಾ ಕಚೇರಿಯ ಮೇನ್ ಸ್ವಿಚ್ ಇಳಿಸುವುದು ನಿಮ್ಮ ನೇಮ. ಇವತ್ತೊಂದು ದಿನ ಆ ನೇಮ ಮುರಿಯಿರಿ. ನೀವು ಹೋಗಿರುವ ಸಾಯಗಾಂವಿನಲ್ಲಿ ನಿಮ್ಮ ಫೋನ್ ಹತ್ತುತ್ತಿಲ್ಲ, ಅದಕ್ಕೇ ಪತ್ರವನ್ನು ಸ್ವಿಚ್ಚಿಗೇ ಅಂಟಿಸಿದ್ದೇನೆ.

ಒಂಬತ್ತು ವರ್ಷ ಔರಾದ ತಾಲೂಕು ತಿರುಗಿ ನೀವು ಮುದುಕಿಯರಿಂದ ರೆಕಾರ್ಡ್ ಮಾಡಿಕೊಂಡ ಬೀಸುಕಲ್ಲಿನ ಹಾಡುಗಳೆಲ್ಲ ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಬರೀ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರಿನಲ್ಲಿವೆಯಲ್ಲ. ಆ ಒಳಗಿನ ಕಂಪ್ಯೂಟರಿಗೆ ಸ್ವಂತ ಪೆಟ್ಟಿಗೆ, ಡಿಸ್ಕು ಏನೂ ಇಲ್ಲ. ಹೊರಗಿನಿಂದ ನೋಡಿದರೆ ಇಡೀ ಸಂಸಾರ ಒಂದು ದಢೂತಿ ಫೈಲು, ಅಷ್ಟೇ. ಜಾಗ ಸಾಲದೆಂದು ಮಧ್ಯಾಹ್ನ ನಾನು ಅದನ್ನೇ ಕಸವೆಂದು ಅಳಿಸಿದೆ.

ಆದರೂ ಹಾಡುಗಳು ಕೇಳುತ್ತಲೇ ಇವೆ! ಬೀದರಿನ ರಿಪೇರಿ ಅಮೋಲನಿಗೆ ಫೋನ್ ಮಾಡಿದೆ. "ಅಳಿಸಿದ್ದು ಹೆಸರಷ್ಟೇ ಅಣ್ಣಾ. ಒಳಗಿನ ಮಶೀನ್ ಚಾಲೂ ಅದ, ಫೈಲ್ ಗಟ್ಟಿ ಹಿಡ್ಕೊಂಡದ. ಬಂದ್ ಆದ್ರ ಖಲಾಸ್. ನೀವಂತೂ ಇನ್ನೇನೂ ಮುಟ್ಟಬ್ಯಾಡ್ರಿ!" ಎಂದ. ಅವನನ್ನೂ ಒಂದು ದೊಡ್ಡ ಡಿಸ್ಕನ್ನೂ ಕರೆತರಲು ಹೊರಟಿದ್ದೇನೆ.

ಚಿಂತಾಕಿಯ ಮಲ್ಲೇಶ್ವರಿ ಆಯಿಯ ಹಾಡು ಹಚ್ಚಿಟ್ಟಿದ್ದೇನೆ. ಮತ್ತೊಮ್ಮೆ ಹಾಡಿಸೋಣವೆಂದರೆ ಆಯಿ ಈಗಿಲ್ಲ. ಲೈಟ್ ಹೋದರೆ ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತದೆ. ಆಗ ನಿಮ್ಮ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಸ್ಪೀಕರಿನ ಬಾಯಿಗೆ ಹಿಡಿಯಿರಿ ಕಾಕಿ. ಅವರದೊಂದಾದರೂ ಉಳಿಯಲಿ.

ಬೈಗುಳಕ್ಕೆ ಎಂಟು ಗಂಟೆಗೆ ಹಾಜರಾಗುವ,
ವೈಜಿನಾಥ