ಅಕ್ಕ ಕಿರುಚಿದಳೆಂದು ಕಿವಿ ಮುಚ್ಚಿಕೊಂಡ ಕಚೇರಿಗೆ

ವಸತಿ ಮಂಡಳಿಯ ದೂರು ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಅಕ್ಕ ನಿಮ್ಮ ಮೇಲೆ ಕಿರುಚಾಡಿದಳೆಂದು ಅವಳು ದೂರು ಸಲ್ಲಿಸುವ ಖಾತೆಗೆ ಬೀಗ ಜಡಿದಿದ್ದೀರಿ. ಅಭಿನಂದನೆಗಳು. ಹುಟ್ಟಿದಾಗಿನಿಂದ ಅವಳನ್ನು ಬಲ್ಲ ನನಗೇ ಕೇಳಿಸದ ಕಿರುಚಾಟ ನಿಮ್ಮ ಕಚೇರಿಗೆ, ಅದೂ ಬರವಣಿಗೆಯಲ್ಲಿ, ಕೇಳಿಸಿದೆ!

ಅಕ್ಕ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯನ್ನು ನೋಡಿಕೊಳ್ಳುವವಳು. ಯಾರಾದರೂ ಗಲಾಟೆ ಮಾಡಿದರೆ ಪಕ್ಕಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತಾಳೆ; ಅವರೇ ನಾಚಿ ಬಾಯಿ ಮುಚ್ಚುತ್ತಾರೆ. ಜಿರಳೆ ಕಂಡರೂ "ಸ್ವಲ್ಪ ಬರ್ತೀಯಾ?" ಎಂದಷ್ಟೇ ಕರೆಯುವ ಹೆಂಗಸು. ಮಂಡಿ ಆಪರೇಷನ್ ಆಗಿ ಈಗ ನಿಮ್ಮದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದಾಳೆ. ಲಿಫ್ಟ್ ಇಲ್ಲ. ಮೆಟ್ಟಿಲಿನ ರೇಲಿಂಗ್ ತಿರುವಿನಲ್ಲಿ ಕಿತ್ತು ನೇತಾಡುತ್ತಿದೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಇಳಿಯುವಂತಿಲ್ಲ, ಇಳಿಯದೆ ಫಿಸಿಯೋಥೆರಪಿ ಇಲ್ಲ, ಅದಿಲ್ಲದಿದ್ದರೆ ಮಂಡಿ ಹೀಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಇದನ್ನೇ ಕನ್ನಡದಲ್ಲಿ, 'ದಯವಿಟ್ಟು' ಸೇರಿಸಿ ನಿಮ್ಮ ಜಾಲತಾಣದಲ್ಲಿ ಬರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: 'ನಿಮ್ಮ ದೂರು ಕಿರುಚಾಟದ ಧಾಟಿಯಲ್ಲಿದೆ. ಸಭ್ಯವಾಗಿ ಬರೆಯಿರಿ.' ಗಾಬರಿಯಾಗಿ ಇನ್ನೂ ಒಂದೆರಡು 'ದಯವಿಟ್ಟು' ತುರುಕಿದಳು. ಮತ್ತೆ ಅದೇ ಉತ್ತರ. ಕೊನೆಗೆ ರೇಲಿಂಗಿನ ಮಾತೇ ಬಿಟ್ಟು ಬರೀ ಕ್ಷಮೆ ಕೇಳಿದಳು ಸ್ವಾಮಿ. ಕ್ಷಮೆಯೂ ಕಿರುಚಾಟವಂತೆ, ಖಾತೆ ಬಂದ್.

ನನ್ನ ಹೆಂಡತಿ ಪ್ರೋಗ್ರಾಂ ಬರೆಯುವವಳು. ಪರೀಕ್ಷೆಗೆಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ನಿಮಗೆ ಬಾಯಿಗೆ ಬಂದಂತೆ ಬೈದು ಕಳಿಸಿದಳು. 'ನಿಮ್ಮ ಸಭ್ಯ ಸಹಕಾರಕ್ಕೆ ಧನ್ಯವಾದ' ಎಂದಿರಿ. ಇಂಗ್ಲಿಷಿನಲ್ಲಿ ಬರೀ ದೊಡ್ಡಕ್ಷರ ಬಳಸಿದರೆ ಕಿರುಚಿದಂತೆ ಎಂಬ ರೂಢಿಯಿದೆ. ಅದಕ್ಕೇ ದೂರುಗಳನ್ನು ಜರಡಿ ಹಿಡಿಯುವ ನಿಮ್ಮ ಯಂತ್ರ ಪ್ರತಿ ಅಕ್ಷರವನ್ನೂ 'ನೀನು ಸಣ್ಣಕ್ಷರವೇ?' ಎಂದು ವಿಚಾರಿಸುತ್ತದೆ. ನಮ್ಮ ಲಿಪಿಯಲ್ಲಿ ಆ ಸಣ್ಣದು ದೊಡ್ಡದೆಂಬ ಭೇದವೇ ಇಲ್ಲವಲ್ಲ!

"ನಮ್ ಭಾಷೆ ಸೆಟ್ಟಿಂಗ್ ಹಾಕಿದ್ರೆ ಸರಿಹೋಗಲ್ವಾ?" ಎಂದೆ.

"ಹಾಕೇ ಇದ್ದಾರೆ ರೀ. ಕಂಪ್ಯೂಟರಲ್ಲಿ ನಮ್ಮ ಒಂದಕ್ಷರಕ್ಕೆ ಮೂರು ಬೈಟು ಜಾಗ ಬೇಕು ಅನ್ನೋದೂ ಅದಕ್ಕೆ ಗೊತ್ತು. ಸಣ್ಣಕ್ಷರ ಅಲ್ಲ ಅಂತು, ನಿಜಾನೇ ಹೇಳ್ತು ಪಾಪ. ಸಣ್ಣದಲ್ಲ ಅಂದ್ಮೇಲೆ ದೊಡ್ಡದೇ ಅಂತ ತೀರ್ಮಾನ ಮಾಡಿದ್ದು ಮನುಷ್ಯರು. 'ದೊಡ್ಡಕ್ಷರಾನಾ?' ಅಂತ ಇನ್ನೊಂದ್ ಸಲ ಕೇಳೋ ಹಾಗೆ ಬರ್ದಿದ್ರೆ ಮುಗೀತಿತ್ತು."

ಆ ಇನ್ನೊಂದು ಸಲ ಕೇಳಿಸಲು ನಿಮಗೆ ಪುರುಸೊತ್ತಾಗಲಿಲ್ಲವೇ? ನಮ್ಮ ಭಾಷೆಯಲ್ಲಿ ಒಂದೇ ಒಂದು ಸಭ್ಯ ದೂರೂ ಬರುತ್ತಿಲ್ಲವಲ್ಲ ಎಂದು ಯಾರಿಗೂ ಅನುಮಾನ ಬರಲಿಲ್ಲವೇ? ಅಥವಾ ದೂರುಗಳೇ ಇಲ್ಲವೆಂದು ನಿಮ್ಮ ಬೆನ್ನು ನೀವೇ ತಟ್ಟಿಕೊಂಡಿರೋ?

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಇದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿದೆವು. ಕೇಳಿಸಿಕೊಂಡು, "ಇರ್ಲಿ ಬಿಡೋ, ನಾನೇ ಏನೋ ಒರಟಾಗಿ ಬರ್ದಿರ್ಬೇಕು" ಎಂದಳು. ಈಗ ಔಷಧಿ ತಂದುಕೊಡಿ ಎಂದು ಪಕ್ಕದ ಮನೆಯವರನ್ನು ಕೇಳಲೂ ಹಿಂಜರಿಯುತ್ತಾಳೆ.

ಆದ್ದರಿಂದ ರೇಲಿಂಗ್ ಹಾಕಿಸಿ, ಪ್ರೋಗ್ರಾಂ ತಿದ್ದಿಸಿ. ಇವೆರಡಕ್ಕೂ ಮೊದಲು ತಾವೇ ಖುದ್ದಾಗಿ ಆ ಮೆಟ್ಟಿಲು ಹತ್ತಿ ಬಂದು, ಅವಳೆದುರು ಕುಳಿತು, "ನೀವು ಕಿರುಚಲಿಲ್ಲಮ್ಮ" ಎಂದು ಹೇಳಬೇಕು. ನಾವು ಹೇಳಿದರೆ ನಂಬುತ್ತಿಲ್ಲ. ಅವಳು ಇನ್ನೂ ಕಚೇರಿಯ ಮಾತನ್ನೇ ನಂಬುವವಳು.

ಇಂತಿ,
ಸಣ್ಣಕ್ಷರಗಳಿಲ್ಲದ ಕಾರಣ ಇಷ್ಟುದ್ದವೂ ಕಿರುಚಿದ
ಒಬ್ಬ ತಮ್ಮ