ಮುನೀರನ ಪ್ರತಿಯ ಕೊನೆಯ ಅಧ್ಯಾಯ

ದೋಸ್ತ ಮುನೀರ,

ಮೊದಲು ಕೂತುಕೋ. ನಿನ್ನ ಪುಸ್ತಕದ ಮಡಿಕೆಗಳನ್ನು ಬಿಡಿಸಿಬಿಟ್ಟೆ. ಹೌದು, ಅದೇ ಪುಸ್ತಕ, ನೀನು ಪೆಟ್ಟಿಗೆಯೊಳಗಿಟ್ಟು ಹೆಂಗಸರು ಒಡವೆ ಕಾಯುವ ಹಾಗೆ ಕಾಯ್ದದ್ದು. ಬೈಯುವುದಿದ್ದರೆ ಪೂರ್ತಿ ಕೇಳಿ ಬೈ. ಬಿಡಿಸಿ ಎಂದವಳು ನಿನ್ನ ಮಗಳು.

ನೀನು ಕಣ್ಣು ಮುಚ್ಚಿದ ಮೇಲೆ ಬಂದ ಮೊದಲ ರಂಜಾನ್ ಕಳೆದು ಒಂದು ದಿನ ನಸ್ರೀನ್ ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ಮೊಳಕಾಲ್ಮೂರಿಗೆ, ನನ್ನ ಸೀರೆ ಅಂಗಡಿಗೆ ಬಂದಳು. ಗಿರಾಕಿ ಇದ್ದರು, ಮೂಲೆಯಲ್ಲಿ ಸುಮ್ಮನೆ ಕೂತಳು. ಅವರು ಹೋದ ಮೇಲೆ ಬ್ಯಾಗಿನಿಂದ ಲೈಬ್ರರಿಯ ಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟಳು. ನಾವಿಬ್ಬರೂ ಬೆನ್ನುಹತ್ತಿದ ಆ ಕಾದಂಬರಿಯೇ, ಅಗ್ಗದ ಮುದ್ರಣ. "ಚಾಚಾ, ಇದ್ರಾಗೆ ಸಣ್ಣಕ್ಕ ವಾಪಸ್ ಬರೋದೇ ಇಲ್ಲ. ಮಗಳು ಬಾಗಿಲಾಗೆ ಕೂತಂಗೇ ಕಥೆ ಮುಗುದು ಹೋಗ್ತೈತೆ. ಅಬ್ಬಾ ನಂಗೆ ಸುಳ್ಳು ಹೇಳಿದ್ರಾ?" ಅಂದಳು.

ಅವಳಮ್ಮ ತೀರಿಕೊಂಡಾಗ ಆ ಕೂಸು ದಿನಾ ಸಾಯಂಕಾಲ ಹೊಸ್ತಿಲ ಮೇಲೆ ಕೂರುತ್ತಿದ್ದದ್ದು ನನಗೂ ಗೊತ್ತು. ನೀನು ಅಂಗಡಿ ಮುಚ್ಚಿ ಬಂದವನೇ, ಕೈ ತೊಳೆಯುವುದಕ್ಕೂ ಮೊದಲು, ಪಕ್ಕದಲ್ಲಿ ಕೂತು ಸಣ್ಣಕ್ಕನ ಕಥೆ ಹೇಳುತ್ತಿದ್ದೆ. ಗಂಡನ ಮನೆಯಲ್ಲಿ ಜಗಳವಾಡಿ, ಎಳೇ ಮಗಳನ್ನು ಬಿಟ್ಟು, ಲಾರಿ ಹತ್ತಿ ಆಂಧ್ರದ ಕಡೆ ಹೋದ ಸಣ್ಣಕ್ಕ. ನಿನ್ನ ಕಥೆಯಲ್ಲಿ ಅವಳು ಮಡಿಲ ತುಂಬ ಶೇಂಗಾ ಕಟ್ಟಿಕೊಂಡು ತಿರುಗಿ ಬರುತ್ತಿದ್ದಳು, ಮಗಳು ಓಡಿಹೋಗಿ ತಬ್ಬಿಕೊಳ್ಳುತ್ತಿದ್ದಳು. "ನನ್ನಮ್ಮ ಬರಲ್ಲ ಅಂತ ನಂಗೆ ಗೊತ್ತಿತ್ತು ಚಾಚಾ. ಒಬ್ಬರಮ್ಮನಾದ್ರೂ ಬಂದ್ಲಲ್ಲ ಅಂತ ಅದನ್ನೇ ಹಿಡ್ಕಂಡು ಬೆಳೆದೆ. ಈಗ ಅದೂ ಸುಳ್ಳಾದ್ರೆ…" ಅಂದಳು.

ನಾವಿಬ್ಬರೂ ಗಂಟುಬಿದ್ದದ್ದು ನೆನಪಿದೆಯಾ? ಚಳ್ಳಕೆರೆಯ ರದ್ದಿ ಅಂಗಡಿಯಲ್ಲಿ ಅದೇ ಕಾದಂಬರಿಯ ಹಳೇ ಪ್ರತಿಗೆ ಇಬ್ಬರೂ ಒಟ್ಟಿಗೇ ಕೈ ಹಾಕಿದ್ದೆವು. ಮೋಟರ್ ರಿವೈಂಡಿಂಗ್ ಮಾಡುವವನಿಗೆ ಕಾದಂಬರಿ ಯಾಕೆ ಅಂತ ನಾನು ಕೇಳಿದೆ. "ಸೀರೆ ಮಾರೋನಿಗ್ಯಾಕಲೇ?" ಅಂದೆ ನೀನು. ಅಲ್ಲಿಂದ ಶುರುವಾಯಿತಲ್ಲ ಹುಚ್ಚು, ಆ ಒಂದೇ ಕಾದಂಬರಿಯ ಚೆಂದದ ಮುದ್ರಣಗಳನ್ನು ಹುಡುಕಿಕೊಂಡು ಊರೂರು ಅಲೆಯುವುದು. ಒಂದೇ ಕಥೆಯ ಪುಸ್ತಕ ಎಷ್ಟು ಅಂತ ತರುತ್ತೀರಿ ಎಂದು ನನ್ನ ಹೆಂಡತಿ ಕೇಳಿ ಕೇಳಿ ಸಾಕಾಗಿ, "ಇಬ್ರಿಗೂ ಪಿಚ್ಚಿ ಹಿಡಿದೈತೆ" ಎಂದು ಅವಳ ತವರಿನ ತೆಲುಗಿನಲ್ಲೇ ತೀರ್ಪು ಕೊಟ್ಟಳು.

ನಮ್ಮಿಬ್ಬರ ಊರುಗಳ ನಡುವೆ, ತಳಕಿನಲ್ಲಿದ್ದ ಹೋಟೆಲಿನ ಹಿಂದಿನ ಮೇಜು ಇನ್ನೂ ಇದೆ. ಶುಕ್ರವಾರ ನಿನ್ನ ನಮಾಜು ಮುಗಿದ ಮೇಲೆ ನೀನು ಆ ಕಡೆಯಿಂದ, ನಾನು ಈ ಕಡೆಯಿಂದ ಬಂದು ಅಲ್ಲಿ ಸೇರುತ್ತಿದ್ದೆವು. ಮೊದಲು ಮಂಡಕ್ಕಿ, ಮಿರ್ಚಿ. ಆಮೇಲೆ ಸೋಪು ಹಚ್ಚಿ ಕೈ ತೊಳೆದು, ಮೇಜಿನ ಮೇಲೆ ನನ್ನ ಬಿಳೀ ಪಂಚೆ ಹಾಸಿ, ಎರಡೂ ಪುಸ್ತಕ ಎದುರುಬದುರು. ನನ್ನದು ಒಂದೊಂದೇ ಅಕ್ಷರದ ಸೀಸದ ಮೊಳೆ ಜೋಡಿಸಿ, ಟ್ರೆಡಲ್ ಯಂತ್ರ ತುಳಿದು ಅಚ್ಚು ಹಾಕಿದ್ದು. ಬೆರಳಾಡಿಸಿದರೆ ಅಕ್ಷರ ಕೈಗೆ ತಾಗುತ್ತದೆ. ನಿನ್ನದು ಕೈಯಿಂದ ಮಾಡಿದ ಕಾಗದದ್ದು, ಮರದಲ್ಲಿ ಕೆತ್ತಿ ಒತ್ತಿದ ಚಿತ್ರಗಳು, ರೇಷ್ಮೆ ಹೊದಿಸಿದ ರಟ್ಟು. ಆ ರೇಷ್ಮೆ ಮಗ್ಗದ್ದಲ್ಲ, ಪವರ್‌ಲೂಮಿನದು ಎಂದು ನಾನು ಚುಚ್ಚುತ್ತಿದ್ದೆ. ನನ್ನ ಪುಸ್ತಕದ ಹೊಲಿಗೆ ಸಡಿಲ, ನಿನ್ನ ಅಂಗಡಿಯ ಹುಡುಗರೂ ಇದಕ್ಕಿಂತ ಬಿಗಿಯಾಗಿ ಮೋಟರಿಗೆ ತಂತಿ ಸುತ್ತುತ್ತಾರೆ ಎಂದು ನೀನು. ಅಂಚು, ಮಸಿ, ದಾರ, ಅಂಟು, ಎಲ್ಲಾ ಹೋಲಿಸಿದೆವು. ಒಳಗಿನ ಕಥೆಯನ್ನು ಮಾತ್ರ ಹೋಲಿಸಲಿಲ್ಲ ನೋಡು, ಎಂಥ ಶಾಣ್ಯಾರು ನಾವು.

ಹೋಲಿಸುವುದಾದರೂ ಹೇಗೆ? ನಿನ್ನ ಪ್ರತಿಯ ಹಾಳೆಗಳ ಮಡಿಕೆಯನ್ನು ಬೈಂಡರು ಕತ್ತರಿಸದೆ ಹಾಗೇ ಬಿಟ್ಟಿದ್ದರು. ಓದಬೇಕಾದವನು ತಾನೇ ಬಿಡಿಸಿಕೊಳ್ಳಬೇಕು. ಬಿಡಿಸಿದರೆ ಸಂಗ್ರಹ ಮಾಡುವವರ ಕಣ್ಣಲ್ಲಿ ಪುಸ್ತಕದ ಮಾನ ಹೋಯಿತು. ಸಣ್ಣಕ್ಕ ಬರುತ್ತಾಳೆ ಎಂದು ನೀನು, ಬರುವುದಿಲ್ಲ ಎಂದು ನಾನು. ನಾನು ಓದಿದ ಪ್ರತಿಗಳಲ್ಲೆಲ್ಲ ಅವಳು ಬರುವುದೇ ಇಲ್ಲವಲ್ಲ. ನೀನೋ, ಐಟಿಐ ಹಾಸ್ಟೆಲಿನಲ್ಲಿ ಯಾರದೋ ಹರಕು ಪ್ರತಿಯಲ್ಲಿ ಓದಿದ್ದೀನಿ ಎಂದು ಆಣೆ ಹಾಕುತ್ತಿದ್ದೆ. "ಇದ್ರಾಗೂ ಐತೆ ಕಣಲೇ ಓಬ."

"ಹಂಗಾದ್ರೆ ಬಿಡಿಸಿ ತೋರ್ಸು."

"ನಿನ್ನ ಹಟಕ್ಕೆ ನನ್ನ ಪುಸ್ತಕ ಹಾಳು ಮಾಡ್ಲಾ? ಹೋಗಲೇ."

ಒಮ್ಮೆಯಂತೂ ನೀನು ಕೊನೆಯ ಹಾಳೆಯನ್ನು ಕೊಳವೆಯ ಹಾಗೆ ಉಬ್ಬಿಸಿ, ಸುಟ್ಟ ಮೋಟರಿನೊಳಗೆ ನೋಡುವಂತೆ ಟಾರ್ಚು ಬಿಟ್ಟು ಇಣುಕಿದ್ದೆ. ಅರ್ಧ ಸಾಲು ಸಿಕ್ಕಿತ್ತು, ಅದರಲ್ಲಿ ಸಣ್ಣಕ್ಕನೂ ಇರಲಿಲ್ಲ, ಸಣ್ಣಕ್ಕನ ನೆರಳೂ ಇರಲಿಲ್ಲ. ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು.

ನಸ್ರೀನ್ ಬಂದುಹೋದ ಮಾರನೇ ದಿನ ನಾನೇ ನಿನ್ನ ಮನೆಗೆ ಹೋದೆ. ಪುಸ್ತಕ ಪೆಟ್ಟಿಗೆಯಿಂದ ಆಚೆ ಬಂದಾಗ ನಿನ್ನ ಅಂಗಡಿಯ ವಾರ್ನಿಷ್ ವಾಸನೆ ಬಂತು. ಬಿಡಿಸಿದರೆ ನಿನ್ನ ಇಷ್ಟು ವರ್ಷದ ಕಾವಲು ಮಣ್ಣುಪಾಲು, ಒಳಗೆ ಅವಳು ಬಾರದಿದ್ದರೆ ಮಗಳ ಮನಸ್ಸೂ ಮುರಿಯುತ್ತದೆ. "ಬ್ಯಾಡ ಬಿಡಮ್ಮ, ನಿಮ್ಮಬ್ಬಾ ಹೇಳಿದ್ದನ್ನ ನಂಬ್ಕಂಡಿರು" ಅಂದೆ. "ನಂಬಿಕೆ ಬೇರೆ ಚಾಚಾ. ನಂಗೆ ಗೊತ್ತಾಗ್ಬೇಕು" ಅಂದಳು. ಹಟದಲ್ಲಿ ನಿನ್ನ ಮಗಳೇ ಸರಿ. ಚಾಕು ಜಾರಿದರೆ ಹಾಳೆ ಸೀಳುತ್ತದೆ ಎಂದು ನಾನು ಹೆದರಿದಾಗ, ಮೋಟರಿನ ಸಂದುಗಳಲ್ಲಿ ತಂತಿ ಜಾರದಂತೆ ತೂರಿಸುತ್ತಿದ್ದೆಯಲ್ಲ, ಆ ಬಿದಿರಿನ ಚಕ್ಕೆ ತಂದುಕೊಟ್ಟಳು. ಕೈಕಾಗದ ಅದಕ್ಕೆ ಎಷ್ಟು ಸಲೀಸಾಗಿ ಬಿಟ್ಟುಕೊಟ್ಟಿತು ಗೊತ್ತಾ.

ಅವಳೇ ಗಟ್ಟಿಯಾಗಿ ಓದಿದಳು. ಮಗಳು ಬಾಗಿಲಲ್ಲಿ ಕೂತಿದ್ದಾಳೆ. ನನ್ನ ಪ್ರತಿ ಮುಗಿಯುವುದು ಅಲ್ಲಿಗೇ. ನಿನ್ನದರಲ್ಲಿ ಮುಂದಕ್ಕೂ ಅಕ್ಷರ ಇದ್ದವು ಕಣೋ. ಬಸ್ಸು ಇಳಿದು ಒಬ್ಬ ಹೆಂಗಸು ನಡೆದು ಬರುತ್ತಾಳೆ. ಲೇಖಕಿ ಒಂದು ಮುದ್ರಣಕ್ಕೆ ಮಾತ್ರ ಕೊನೆಯ ಅಧ್ಯಾಯವನ್ನು ಬದಲಿಸಿ ಬರೆದಿದ್ದರು, ಆಮೇಲೆ ಬಂದವರೆಲ್ಲ ಹಳೆಯದನ್ನೇ ಅಚ್ಚು ಹಾಕಿದರು, ಇದರಲ್ಲಿ ಮಾತ್ರ ಆ ಬದಲಿಸಿದ್ದನ್ನು ಮತ್ತೆ ತಂದಿದ್ದೇವೆ ಎಂದು ಕೊನೆಯ ಪುಟದಲ್ಲಿ ಸಂಪಾದಕರು ಹೇಳಿದ್ದಾರೆ. ನೀನು ಹಾಸ್ಟೆಲಿನಲ್ಲಿ ಓದಿದ್ದು ಆ ಬದಲಿಸಿದ್ದನ್ನೇ. ನೀನು ಹೇಳಿದ್ದು ನಿಜ, ಸೋತೆ. ಸೋತು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

ಆದರೆ ಸಣ್ಣಕ್ಕ ಬಂದಾಗ ಮಗಳಿಗೆ ಗುರುತೇ ಸಿಗುವುದಿಲ್ಲ. ಯಾರು ಬೇಕಿತ್ತು ಎಂದು ಕೇಳುತ್ತಾಳೆ. ತಾಯಿ ನೀರು ಕೇಳುತ್ತಾಳೆ, ಚೊಂಬು ತಂದುಕೊಡುತ್ತಾಳೆ, ತಾಯಿ ಕಟ್ಟೆಯ ಮೇಲೆ ಕೂತು ಕುಡಿಯುತ್ತಾಳೆ. ಅಷ್ಟೇ. ಶೇಂಗಾ ಇಲ್ಲ. ತಬ್ಬಿಕೊಳ್ಳುವುದೂ ಇಲ್ಲ. ನಸ್ರೀನ್ ಹಾಳೆ ಹಿಂದೆ ಮುಂದೆ ತಿರುಗಿಸಿದಳು. ನಾನು ಅವಳ ಮುಖ ನೋಡಲಾರದೆ ಕೂತಿದ್ದೆ. ಅವಳು ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, "ಬರೋದು ಪುಸ್ತಕದಾಗೈತೆ ಚಾಚಾ. ತಬ್ಕಳೋದು ಅಬ್ಬಾಂದು" ಅಂದಳು.

ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ. ಮೊನ್ನೆ ಮಧ್ಯಾಹ್ನ ನಿನ್ನ ಮನೆಯ ಪಡಸಾಲೆಯಲ್ಲಿ ಚಾ ಕುಡಿಯುತ್ತಿದ್ದೆ. ಒಳಗೆ ನಸ್ರೀನ್ ನಿನ್ನ ಮೊಮ್ಮಗಳನ್ನು ಮಲಗಿಸುತ್ತ ಉರ್ದುವಿನಲ್ಲಿ ಅದೇ ಕಥೆ ಹೇಳುತ್ತಿದ್ದಳು. ನನ್ನ ಉರ್ದು ಎಷ್ಟು ಅಂತ ನಿನಗೆ ಗೊತ್ತು, ಆದರೂ ತಿಳಿಯಿತು. ಸಣ್ಣಕ್ಕ ಬಂದಳು, ಶೇಂಗಾ ತಂದಳು, ಮಗಳು ತಬ್ಬಿಕೊಂಡಳು. ಆಮೇಲೆ ಏನಾಯಿತು ಎಂದು ಕೂಸು ಕೇಳಿತು. ಆಮೇಲೆ, ಆ ಹುಡುಗಿಯ ಅಬ್ಬಾನೂ ಮೋಟರ್ ಅಂಗಡಿ ಮುಚ್ಚಿಕೊಂಡು ಮನೆಗೆ ಬಂದರು, ಅಂದಳು ನಸ್ರೀನ್. ಅದು ನನ್ನ ಪ್ರತಿಯಲ್ಲೂ ಇಲ್ಲ, ನಿನ್ನ ಪ್ರತಿಯಲ್ಲೂ ಇಲ್ಲ, ನೀನು ಹೇಳಿದ್ದರಲ್ಲೂ ಇರಲಿಲ್ಲ. ನೀನೂ ಬಂದೆ ಕಣಲೇ ಮುನೀರ.

ನಿನ್ನ ಓಬ